ಆದೇಶದ ಪ್ರತಿ ಹಿಡಿದು ಹೋದ ಮಧ್ಯಾಹ್ನ

ನನ್ನ ಚಿಕ್ಕಮ್ಮನ ಮಗಳು ಮಂಡ್ಯದಲ್ಲಿರುವ ಗಂಡನ ಮನೆಗೆ ವಾಪಸ್ ಹೋಗಿದ್ದು ಒಬ್ಬ ವಕೀಲೆ ಮತ್ತು ಇಬ್ಬರು ಪೊಲೀಸರ ಜೊತೆ. ಹಿಂದೆ ನಾನು, ಚಿಕ್ಕಮ್ಮ, ಕೈಯಲ್ಲಿ ಎರಡು ಬ್ಯಾಗು.

ಅವಳಿಗೆ ಗಂಡ ಹೊಡೆಯುತ್ತಿದ್ದ. ಒಂದು ರಾತ್ರಿ ಮಕ್ಕಳ ಸಮೇತ ಹೊರಗೆ ಹಾಕಿದ. ಮೊದಲ ಸಲ ದೂರು ಕೊಡಲು ಹೋದಾಗ ಠಾಣೆಯಲ್ಲಿ ಕೂರಿಸಿ, ಬುದ್ಧಿ ಹೇಳಿ, ರಾಜಿ ಮಾಡಿಸಿ, ದೂರು ಅಲ್ಲಿಗೆ ಮುಗಿಯಿತು ಅಂತ ಹಿಂಬರಹ ಬರೆದುಕೊಟ್ಟು ಕಳಿಸಿದ್ದರು. ವಾರದೊಳಗೆ ಮತ್ತೆ ಅದೇ ಏಟು. ಇಂಥ ರಾಜಿಯಿಂದ ಹೊಡೆಯುವವನಿಗೆ ಧೈರ್ಯ ಬರುತ್ತದೆ, ಅಷ್ಟೇ.

ಅವಳಿಗೆ ಗಂಡನನ್ನು ಜೈಲಿಗೆ ಕಳಿಸುವುದು ಬೇಕಿರಲಿಲ್ಲ. ಹೊಡೆತ ನಿಲ್ಲಬೇಕು, ಮಕ್ಕಳ ಸ್ಕೂಲು ತಪ್ಪಬಾರದು, ತಲೆ ಮೇಲೆ ಸೂರು ಇರಬೇಕು. ಕಾನೂನು ಸೇವೆಗಳ ಪ್ರಾಧಿಕಾರದಿಂದ ಸಿಕ್ಕ ವಕೀಲೆ ಇದನ್ನು ಪೂರ್ತಿ ಕೇಳಿಸಿಕೊಂಡರು. ಅಲ್ಲಿ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ವಕೀಲರು ಉಚಿತ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಡಿ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಿದರು. ಈ ಕಾಯ್ದೆಯಡಿ ಸಂರಕ್ಷಣಾಧಿಕಾರಿಯಾದ ಸಿಡಿಪಿಒ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅವರಿಂದ ವರದಿ ಹೋಯಿತು. ಏಟಿನ ಗಾಯಗಳನ್ನು ದಾಖಲಿಸಿದ ಆಸ್ಪತ್ರೆಯ ಎಂ.ಎಲ್.ಸಿ. ಚೀಟಿಯೂ ಜೊತೆಗಿತ್ತು. ಗಂಡ ಅವಳ ಮೈಮುಟ್ಟಬಾರದು, ಆ ಮನೆಯಿಂದ ಹೊರಗೆ ಹಾಕಬಾರದು ಅಂತ ಮಧ್ಯಂತರ ಆದೇಶ ಬಂತು.

"ನೀವು ನೀವೇ ಹೋಗ್ಬೇಡಿ, ಮೊದಲು ಸ್ಟೇಷನ್ನು" ಅಂದರು ವಕೀಲೆ.

ಸಬ್ ಇನ್ಸ್‌ಪೆಕ್ಟರ್ ಆದೇಶ ನೋಡಿ, "ಇದ್ರಲ್ಲಿ ಎಫ್‌ಐಆರ್ ಇಲ್ವಲ್ಲ ಮೇಡಂ, ನಾವು ಹೇಗೆ ಬರೋದು?" ಅಂದರು. ವಕೀಲೆ ದನಿ ಏರಿಸಲಿಲ್ಲ. ರಕ್ಷಣೆ ಕೊಡಬೇಕು ಅಂತ ಠಾಣಾಧಿಕಾರಿಗೇ ಹೇಳಿದ್ದ ಸಾಲನ್ನು ಬೆರಳಿಟ್ಟು ತೋರಿಸಿದರು. ರಕ್ಷಣಾ ಆದೇಶ ಮುರಿದರೆ ಅದೇ ಅಪರಾಧ, ಒಂದು ವರ್ಷದವರೆಗೆ ಜೈಲು ಅಥವಾ 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು ಅಂತ ವಿವರಿಸಿದರು. ಸಬ್ ಇನ್ಸ್‌ಪೆಕ್ಟರ್ ಇನ್ನೊಂದು ಸಲ ಓದಿದರು. ಆಮೇಲೆ ಆ ಏರಿಯಾದ ಗಸ್ತು ನೋಡಿಕೊಳ್ಳುವ ಬೀಟ್ ಪೊಲೀಸ್ ಒಬ್ಬರನ್ನೂ ಒಬ್ಬ ಮಹಿಳಾ ಪೇದೆಯನ್ನೂ ಕರೆದು, "ಹೋಗಿ ಬನ್ನಿ, ಗಲಾಟೆ ಆಗ್ದಂಗೆ ನೋಡ್ಕೊಳ್ಳಿ" ಅಂದರು. ಆ ಮಾತು ಕೇಳಿ ಚಿಕ್ಕಮ್ಮನಿಗೆ ಕಣ್ಣು ತುಂಬಿ ಬಂತು. ನನಗೂ ಅಷ್ಟೇ.

ಬಾಗಿಲಲ್ಲಿ ಅತ್ತೆ ಅಡ್ಡ ನಿಂತರು. "ಮನೆ ನನ್ ಎಸ್ರಲ್ಲದೆ. ಯಾವ ಕೋರ್ಟು ಏನ್ ಹೇಳಿದ್ರೇನು? ಒಳಿಕ್ಕೆ ಬುಡಾಕಿಲ್ಲ." ಬೀಟ್ ಪೊಲೀಸರು ವಕೀಲೆಯ ಮುಖ ನೋಡಿದರು. ವಕೀಲೆ ಮುಂದೆ ಬಂದರು. "ಅಮ್ಮಾ, ಮನೆ ನಿಮ್ದೇ. ನಿಮ್ಮನ್ನ ಯಾರೂ ಹೊರಗೆ ಕಳಿಸಲ್ಲ, ಕಳಿಸೋ ಹಾಗೂ ಇಲ್ಲ. ಆದ್ರೆ ಸೊಸೆ ಸಂಸಾರ ಮಾಡಿದ ಮನೆ ಇದು. ಅವಳೂ ಇರಬಹುದು ಅಂತ ಜಡ್ಜ್ ಹೇಳಿದ್ದಾರೆ." ಅತ್ತೆ ಮಾವನ ಹೆಸರಲ್ಲಿರುವ ಮನೆಯಲ್ಲೂ ಸೊಸೆಗೆ ಈ ಹಕ್ಕು ಇರಬಹುದು ಅಂತ ಸುಪ್ರೀಂ ಕೋರ್ಟ್ 2020ರಲ್ಲೇ ಹೇಳಿದೆ.

ಗಂಡ ಒಳಗಿಂದ ಬಂದವನೇ ಕೂಗಾಡಿದ. ಆಗ ಬೀಟ್ ಪೊಲೀಸರು ಎರಡೇ ಮಾತು ಆಡಿದರು. "ನೋಡಪ್ಪ, ಇವತ್ತು ಸುಮ್ನೆ ಹೇಳೋಕೆ ಬಂದಿದ್ದೀವಿ. ನಾಳೆ ಕೈ ಎತ್ತಿದ್ರೆ ಹೇಳೋಕೆ ಬರಲ್ಲ." ಅವನು ಪಕ್ಕಕ್ಕೆ ಸರಿದ. ಕಾನೂನಿನ ಮಾತು ಪೊಲೀಸರಿಗೆ ಗೊತ್ತಿರಲಿಲ್ಲ. ಅವನನ್ನು ಸರಿಸುವ ಮಾತು ವಕೀಲೆಯ ಹತ್ತಿರ ಇರಲಿಲ್ಲ. ಇಬ್ಬರಲ್ಲಿ ಒಬ್ಬರೇ ಬಂದಿದ್ದರೆ ನಾವು ಬ್ಯಾಗು ಎತ್ತಿಕೊಂಡು ವಾಪಸ್ ಬರುತ್ತಿದ್ದೆವು. ಇದರಲ್ಲಿ ನನಗೆ ಅನುಮಾನವೇ ಇಲ್ಲ.

ಮಹಿಳಾ ಪೇದೆ ಅವಳ ಜೊತೆ ಒಳಗೆ ಹೋಗಿ, ರೂಮಿನ ಚಿಲಕ ಸರಿಯಾಗಿ ಬೀಳುತ್ತದಾ ಅಂತ ನೋಡಿದರು. ಅದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಹೊರಡುವಾಗ ತಮ್ಮ ನಂಬರ್ ಬರೆದುಕೊಟ್ಟು, "ನಾನು ಎತ್ತದಿದ್ರೆ 112ಕ್ಕೆ ಮಾಡಮ್ಮ, ರಾತ್ರಿ ಅಂತ ಯೋಚ್ನೆ ಮಾಡ್ಬೇಡ" ಅಂದರು. ವಕೀಲೆ ನಡೆದದ್ದನ್ನೆಲ್ಲ ಅಲ್ಲೇ ಜಗಲಿ ಮೇಲೆ ಕೂತು ಬರೆದು, ಪೊಲೀಸರ ಸಹಿ ಹಾಕಿಸಿಕೊಂಡರು. ಮುಂದಿನ ವಾಯಿದೆಗೆ ಅದು ಬೇಕು ಅಂದರು.

ಆಮೇಲೆ ಒಂದು ಸಲ ಅವನು ಕುಡಿದು ಬಂದು ಬಾಗಿಲು ಬಡಿದ. ಅವಳು ಫೋನ್ ಮಾಡಿದಳು, ಜೀಪು ಬಂತು. ಅದನ್ನೂ ವಕೀಲೆ ಕೋರ್ಟಿನ ಮುಂದೆ ಇಟ್ಟಿದ್ದಾರೆ. ಜೀವನಾಂಶದ ವಿಚಾರ ಇನ್ನೂ ನಡೆಯುತ್ತಿದೆ. ಮಕ್ಕಳು ಅದೇ ಸ್ಕೂಲಿಗೆ ಹೋಗುತ್ತಿದ್ದಾರೆ.