ಹೊಗಳಿ ಮೇಲೆತ್ತುವ ಒಂದು ಪದ

ಬ್ಯಾಂಕ್ ಪರೀಕ್ಷೆಗೆ ಓದುವ ಮಕ್ಕಳಿಗೆ ನಾನು ಹೊಸಪೇಟೆಯಲ್ಲಿ ಇಂಗ್ಲಿಷ್ ಹೇಳಿಕೊಡುತ್ತೇನೆ. ಸಮಾನಾರ್ಥಕ ಪದಗಳ ಪಟ್ಟಿಯಲ್ಲಿ 'ಎಕ್ಸ್‌ಟೋಲ್' ಬಂದೇ ಬರುತ್ತದೆ. ಎದುರಿಗೆ 'ತುಂಬಾ ಹೊಗಳು' ಅಂತ ಬರೆದುಕೊಂಡು ಮುಂದಿನ ಪದಕ್ಕೆ ಹೋಗಿಬಿಡುತ್ತಾರೆ. ನನಗೆ ಸಂಕಟವಾಗುತ್ತದೆ. ಈ ಪದದ ಹಿಂದೆ ಎಂಥಾ ಕತೆ ಇದೆ!

ಮೂಲ ಲ್ಯಾಟಿನ್. 'ಟೊಲ್ಲೆರೆ' ಅಂದರೆ ಎತ್ತು. ಅದರ ಮೊದಲಿಗೆ 'ಎಕ್ಸ್' ಸೇರಿದರೆ ಮೇಲಕ್ಕೆತ್ತು. ಕೈಯಿಂದ ಎತ್ತುವ ಮಾತು ಆಮೇಲೆ ಬಾಯಿಂದ ಎತ್ತುವುದಕ್ಕೂ ಬಂತು. ನಾವೂ 'ಹೊಗಳಿ ಅಟ್ಟಕ್ಕೇರಿಸಿದರು' ಅಂತೀವಲ್ವಾ? ಸಂಸ್ಕೃತದ 'ತುಲಾ' ಕೂಡ ಇದೇ ಬೇರಿನದು ಎನ್ನುತ್ತಾರೆ ಭಾಷಾ ವಿದ್ವಾಂಸರು. ಹಂಪಿಯ ವಿಠ್ಠಲ ದೇವಸ್ಥಾನದ ಹತ್ತಿರ ಅರಸರ ತುಲಾಭಾರದ ಕಲ್ಲಿನ ಚೌಕಟ್ಟು ಇದೆಯಲ್ಲ, ಆ ತುಲಾ.

'ಟೊಲ್ಲೆರೆ'ಗೆ ಇನ್ನೊಂದು ಅರ್ಥವೂ ಇತ್ತು: ತೆಗೆದುಹಾಕು. ಕ್ರಿ.ಪೂ. 43ರಲ್ಲಿ ರೋಮಿನ ರಾಜಕಾರಣಿ, ಮಾತುಗಾರ ಸಿಸೆರೊ, ಜೂಲಿಯಸ್ ಸೀಸರನ ದತ್ತುಮಗನಾದ 19ರ ಹುಡುಗ ಆಕ್ಟೇವಿಯನ್ ಬಗ್ಗೆ ಒಂದು ಮಾತು ಆಡಿದನಂತೆ. ಇವನನ್ನು ಹೊಗಳಬೇಕು, ಗೌರವಿಸಬೇಕು, ಕೊನೆಗೆ 'ಟೊಲ್ಲೆಂಡುಮ್'. ಮೇಲೆತ್ತಬೇಕು ಅಂತಲೂ ಆಯಿತು, ಮುಗಿಸಬೇಕು ಅಂತಲೂ ಆಯಿತು. ಮಾತು ಹುಡುಗನ ಕಿವಿಗೆ ಬಿದ್ದಿದೆ ಎಂದು ಸಿಸೆರೊಗೆ ಪತ್ರ ಬಂತು. ಅದೇ ವರ್ಷ ಡಿಸೆಂಬರಿನಲ್ಲಿ ಸಿಸೆರೊನ ಕೊಲೆಯಾಯಿತು. ಕೊಲ್ಲಿಸಲೇಬೇಕೆಂದು ಹಟ ಹಿಡಿದವನು ಸಿಸೆರೊನ ವೈರಿ ಆಂಟನಿ. ಒಪ್ಪಿದವರಲ್ಲಿ ಆಕ್ಟೇವಿಯನ್ನೂ ಇದ್ದ. ಮುಂದೆ ಅವನೇ ಅಗಸ್ಟಸ್ ಚಕ್ರವರ್ತಿ.

ಇದನ್ನು ಓದಿದಾಗಲೆಲ್ಲ ನನಗೆ ಬಸವಣ್ಣನವರು ನೆನಪಾಗುತ್ತಾರೆ. ನನ್ನವರೇ ಹೊಗಳಿ ಹೊಗಳಿ ನನ್ನನ್ನು ಹೊನ್ನಿನ ಶೂಲಕ್ಕೇರಿಸಿದರು ಎಂದು 12ನೇ ಶತಮಾನದಲ್ಲಿ ನೊಂದು ಹೇಳಿದವರು ಅವರು. ಅಲ್ಲೂ ಏರಿಸುವುದು, ಕೊಲ್ಲುವುದು ಎರಡೂ ಒಟ್ಟಿಗೇ ಇವೆ. ಆದರೆ ಸಿಸೆರೊ ಹೊಗಳುವವನ ಕಡೆ ನಿಂತು ಆಡಿದ. ಬಸವಣ್ಣನವರದು ಹೊಗಳಿಸಿಕೊಂಡವರ ನೋವು. ನನಗೆ ಆ ನೋವೇ ದೊಡ್ಡದು. ಹೊಗಳುವಾಗ ಎದುರಿನವರ ಮುಖವನ್ನೂ ಒಮ್ಮೆ ನೋಡಿ ಅಂತ ಮಕ್ಕಳಿಗೆ ಹೇಳುತ್ತೇನೆ.

ಇನ್ನು ಬಳಕೆ. ಇಂಗ್ಲಿಷಿನ ಪದದಲ್ಲಿ ಕೊಲ್ಲುವ ಅರ್ಥ ಇಲ್ಲ. ಯಾರದಾದರೂ, ಯಾವುದರದಾದರೂ ಗುಣಗಳನ್ನು ಮನಸಾರೆ ಕೊಂಡಾಡುವಾಗ ಬಳಸುತ್ತಾರೆ. ಬರವಣಿಗೆಯಲ್ಲೇ ಜಾಸ್ತಿ. ದಿನದ ಮಾತಿಗೆ 'ಪ್ರೇಸ್' ಸಾಕು. ಪರೀಕ್ಷೆಯಲ್ಲಿ ಇದರ ಜೊತೆಗೆ 'ಲಾಡ್', 'ಎಕ್ಸಾಲ್ಟ್' ಕೂಡ ಬರಬಹುದು. ಕಾಗುಣಿತ ನೋಡಿಕೊಳ್ಳಿ: ಕೊನೆಗೆ ಒಂದೇ 'ಎಲ್', 'ಇಡಿ' ಅಥವಾ 'ಐಎನ್‌ಜಿ' ಸೇರಿಸಿದಾಗ ಎರಡು.