ಚಮಚದ ಲೆಕ್ಕದಲ್ಲಿ ಕಳೆದ ಎರಡು ರಾತ್ರಿ

ಜನವರಿಯ ಚಳಿಯಲ್ಲಿ, ದಾವಣಗೆರೆಯ ನಮ್ಮ ಮನೆಯಲ್ಲಿ, ಹದಿನಾಲ್ಕು ತಿಂಗಳ ಮಗಳಿಗೆ ನಡುರಾತ್ರಿ ವಾಂತಿ ಶುರುವಾಯಿತು. ಬೆಳಕು ಹರಿಯುವಷ್ಟರಲ್ಲಿ ನೀರಿನಂಥ ಭೇದಿಯೂ ಸೇರಿಕೊಂಡಿತು. ಕೂಸು ಅತ್ತರೆ ಕಣ್ಣೀರು ಬರುತ್ತಿರಲಿಲ್ಲ. "ಹಲ್ಲು ಬರೋ ಕಾಲಕ್ಕೆ ಇದೆಲ್ಲಾ ಇದ್ದಿದ್ದೇ" ಎಂದು ಅತ್ತೆಯವರು ಧೈರ್ಯ ಹೇಳಿದರು. ಹಲ್ಲು ಮೊಳೆಯುವುದರಿಂದ ಭೇದಿಯಾಗುವುದಿಲ್ಲ, ಆ ವಯಸ್ಸಿನಲ್ಲಿ ಮಕ್ಕಳು ಸಿಕ್ಕಿದ್ದನ್ನೆಲ್ಲ ಬಾಯಿಗಿಡುವುದರಿಂದ ಸೋಂಕು ತಗಲುತ್ತದೆ ಎಂಬುದು ನನಗೂ ಆಮೇಲೆಯೇ ತಿಳಿದದ್ದು.

ಮೊದಲು ಹೋದ ಕಡೆ ಏನನ್ನೂ ವಿಚಾರಿಸದೆ ಆಂಟಿಬಯಾಟಿಕ್ ಸಿರಪ್ ಬರೆದುಕೊಟ್ಟರು. ಮರುದಿನ ನೋಡಿದ ಮಕ್ಕಳ ವೈದ್ಯೆ ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟು, ಅದು ಎಷ್ಟು ನಿಧಾನವಾಗಿ ಮರಳುತ್ತದೆಂಬುದರಿಂದ ಮೈಯಲ್ಲಿ ನೀರು ಎಷ್ಟು ಕಡಿಮೆಯಾಗಿದೆ ಎಂದು ನೋಡಿ, ಇದು ವೈರಸ್ಸಿನಿಂದ ಬಂದಂತಿದೆ, ಆ ಸಿರಪ್ ಬೇಡ, ಓಆರ್‌ಎಸ್ (ನೀರಿಗೆ ಕಲಸಿ ಕುಡಿಸುವ ಗ್ಲೂಕೋಸ್-ಉಪ್ಪಿನ ಪುಡಿ) ಮತ್ತು ಹದಿನಾಲ್ಕು ದಿನ ಜಿಂಕ್ ಕೊಡಿ, ಎದೆಹಾಲು ನಿಲ್ಲಿಸಬೇಡಿ ಎಂದರು. ನಾವು ಒಂದು ಲೋಟ ನೀರಿಗೆ ಅಂದಾಜಿನಲ್ಲಿ ಪುಡಿ ಉದುರಿಸುತ್ತಿದ್ದೆವು. ದೊಡ್ಡ ಪೊಟ್ಟಣವನ್ನು ಪೂರ್ತಿಯಾಗಿ, ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೇ ಕಲಸಬೇಕು, ಏಕೆಂದರೆ ಗ್ಲೂಕೋಸ್ ಮತ್ತು ಉಪ್ಪು ಸರಿಯಾದ ಪ್ರಮಾಣದಲ್ಲಿದ್ದರೆ ಮಾತ್ರ ಕರುಳು ಅವುಗಳೊಂದಿಗೆ ನೀರನ್ನೂ ಹೀರಿಕೊಳ್ಳುತ್ತದೆ. ಒಂದು ಚಮಚ, ಎರಡು ನಿಮಿಷ, ಮತ್ತೊಂದು ಚಮಚ. ಕಕ್ಕಿದರೆ ಹತ್ತು ನಿಮಿಷ ಕಾದು ಮತ್ತೆ ಮೊದಲಿನಿಂದ. ಎರಡನೆಯ ರಾತ್ರಿ ಮೂರು ಗಂಟೆಗೆ ಲಂಗೋಟಿ ಮೂತ್ರದಿಂದ ಒದ್ದೆಯಾಗಿದ್ದನ್ನು ಕೈಯಲ್ಲಿ ಮುಟ್ಟಿ ನೋಡಿ ನಾನು ಅತ್ತುಬಿಟ್ಟೆ.

ಯಾವ ವೈರಸ್ ಎಂದು ಪರೀಕ್ಷೆ ಮಾಡಿಸಲಿಲ್ಲ. ಆದರೆ ಎಳೆಯ ಮಕ್ಕಳ ತೀವ್ರ ಭೇದಿಗೆ ಬಹುಕಾಲದಿಂದ ಮುಖ್ಯ ಕಾರಣ 1973ರಲ್ಲಿ ಪತ್ತೆಯಾದ ರೋಟಾ ವೈರಸ್; ಲಸಿಕೆ ಬರುವ ಮುನ್ನ ನಮ್ಮ ದೇಶದಲ್ಲಿ ವರ್ಷಕ್ಕೆ ಸುಮಾರು 78 ಸಾವಿರ ಮಕ್ಕಳು ಅದರಿಂದ ತೀರಿಕೊಳ್ಳುತ್ತಿದ್ದರೆಂದು ಅಂದಾಜು. ಸಾವಿನ ಲೆಕ್ಕಕ್ಕೆ ಸೇರದ ಹೊರೆಯೂ ಇದೆ. ಹಿಂದಿನ ಬೀದಿಯಲ್ಲಿ ಮಂಡಕ್ಕಿ ಭಟ್ಟಿಗೆ ದುಡಿಯಲು ಹೋಗುವ ತಾಯಿಯೊಬ್ಬರು ಮಗನ ಭೇದಿಗೆಂದು ಐದು ದಿನದ ಕೂಲಿ ಕಳೆದುಕೊಂಡು, ಆಟೋ ಬಾಡಿಗೆಗೆ ಸಾಲ ಮಾಡಿದರು. ನನಗೆ ಸಂಬಳದ ರಜೆಯಿತ್ತು; ಅವರಿಗೆ ಇರಲಿಲ್ಲ.

ರೋಟಾ ಲಸಿಕೆಯನ್ನು 2016ರಿಂದ ಸರ್ಕಾರ ಹಂತಹಂತವಾಗಿ ಉಚಿತವಾಗಿ ಕೊಡುತ್ತಿದೆ. ಆರು, ಹತ್ತು ಮತ್ತು ಹದಿನಾಲ್ಕನೆಯ ವಾರದಲ್ಲಿ ಬಾಯಿಗೆ ಹಾಕುತ್ತಾರೆ. ಹಾಕಿಸಿದವರಿಗೂ ಭೇದಿ ಬರಬಹುದು, ಆದರೆ ಆಸ್ಪತ್ರೆ ಸೇರುವಷ್ಟು ತೀವ್ರವಾಗುವುದು ಕಡಿಮೆ. ಮಗಳ ಲಸಿಕೆಗಳನ್ನು ಬರೆದಿಡುವ ‘ತಾಯಿ ಕಾರ್ಡ್’ ತೆಗೆದು ನೋಡಿದರೆ ಹದಿನಾಲ್ಕನೆಯ ವಾರದ ಸಾಲು ಖಾಲಿಯಿತ್ತು. ಆಗ ನಾವು ತವರಿನಲ್ಲಿದ್ದೆವು, ನಾನು ಮರೆತಿದ್ದೆ. ಪಕ್ಕದ ಮನೆಯ ಕೂಸಿಗೆ ಈ ವಾರ ಆರು ವಾರ ತುಂಬುತ್ತದೆ. ಗುರುವಾರ ಲಸಿಕೆ ಹಾಕಿಸಲು ಬಾಣಂತಿಯ ಜತೆ ನಾನೂ ಹೋಗುತ್ತೇನೆ.