ಕಡತಕ್ಕೆ

ಇವತ್ತು ಒಂದು ಆಫೀಸಿಗೆ ಹೋಗಿದ್ದೆ, ನನ್ನ ಅರ್ಜಿ ಏನಾಯ್ತು ಅಂತ ಕೇಳಲು. ಗುಮಾಸ್ತರು ಫೈಲ್ ತಿರುಗಿಸಿ ತೋರಿಸಿದರು. ಎರಡು ಪುಟದ ಅರ್ಜಿ. ಅಂಚಿನಲ್ಲಿ ಹಸಿರು ಇಂಕಿನಲ್ಲಿ ಒಂದೇ ಪದ: 'ಕಡತಕ್ಕೆ'.

ಬಸ್ಸಿನಲ್ಲಿ ಬರುವಾಗ ಹ್ಯಾರಿ ವೈಟ್ ನೆನಪಾದ. ಬ್ರಿಟನ್ನಿನ ಕಮ್ಯುನಿಸ್ಟ್. ಮಾಸ್ಕೋದ ಇಂಗ್ಲಿಷ್ ಪತ್ರಿಕೆಯಲ್ಲಿ ಕೆಲಸ. 1934ರಲ್ಲಿ ಅಲ್ಲಿ ಗಂಡಸರ ನಡುವಿನ ಸಂಬಂಧ ಮತ್ತೆ ಅಪರಾಧವಾಯಿತು. ಇವನ ಗೆಳೆಯನನ್ನು ಹಿಡಿದುಕೊಂಡು ಹೋದರು. ಇವನು ಸುಮ್ನೆ ಕೂರಲಿಲ್ಲ. ನೇರ ಸ್ಟಾಲಿನ್‌ಗೇ ಕಾಗದ ಬರೆದ. ಸಲಿಂಗಿಯೊಬ್ಬ ಪಕ್ಷದ ಸದಸ್ಯನಾಗಿ ಇರಬಹುದಾ? ಮಾರ್ಕ್ಸ್‌ವಾದ ಇಟ್ಟುಕೊಂಡೇ ಪುಟಗಟ್ಟಲೆ ವಾದ ಮಾಡಿದ್ದ, ಪಾಪ.

ಸ್ಟಾಲಿನ್ ಅದರ ಮೇಲೆ ಗೀಚಿದ್ದು ಇಷ್ಟು: ಕಡತಕ್ಕೆ. ಮುಟ್ಠಾಳ, ಕೆಟ್ಟುಹೋದವನು.

ನಮ್ಮ ಸಾಹೇಬರು ಎಷ್ಟೋ ವಾಸಿ, ಬೈದಿಲ್ಲ.

ವಿಚಿತ್ರ ಏನು ಗೊತ್ತಾ? ಅದೇ ಸೋವಿಯತ್ ಸರ್ಕಾರ 1920ರಲ್ಲಿ ಗರ್ಭಪಾತಕ್ಕೆ ಅನುಮತಿ ಕೊಟ್ಟಿತ್ತು. 1922ರ ದಂಡಸಂಹಿತೆಯಲ್ಲಿ ಸಲಿಂಗ ಸಂಬಂಧದ ಕಲಮೇ ಇರಲಿಲ್ಲ. ಕೊಲ್ಲೊಂತಾಯ್ ಅನ್ನೋ ಹೆಂಗಸು 1917ರ ಕ್ರಾಂತಿ ಆದಮೇಲಿನ ಮೊದಲ ಸರ್ಕಾರದಲ್ಲೇ ಮಂತ್ರಿ ಮಟ್ಟದ ಹುದ್ದೆಯಲ್ಲಿದ್ದಳು. ಆಮೇಲೆ 1930ರಲ್ಲಿ ಪಕ್ಷದ ಮಹಿಳಾ ವಿಭಾಗ ಬಂದ್. ಹೆಂಗಸರ ಸಮಸ್ಯೆ ಬಗೆಹರಿದಿದೆಯಂತೆ! 1936ರಲ್ಲಿ ಗರ್ಭಪಾತವೂ ನಿಷೇಧ. ಹದಿನಾರೇ ವರ್ಷ. ಕೊಟ್ಟಿದ್ದನ್ನು ಕಿತ್ತುಕೊಳ್ಳಲು ಅಷ್ಟು ಸಾಕಾಯಿತು.

ವೈಟ್‌ನ ಕಾಗದ ಮಾತ್ರ ಕಡತದಲ್ಲೇ ಭದ್ರವಾಗಿತ್ತು. ಸೋವಿಯತ್ ಒಕ್ಕೂಟ ಹೋದಮೇಲೆ ಹೊರಗೆ ಬಂತು, ಅಂಚಿನ ಗೀಚಿನ ಸಮೇತ.

ನನ್ನ ಅರ್ಜಿಗೂ ಒಂದು ಜೆರಾಕ್ಸ್ ತೆಗೆಸಿಕೊಂಡು ಬಂದೆ. ಹಸಿರು ಇಂಕು ಅದರಲ್ಲಿ ಕಪ್ಪಗೆ ಕಾಣುತ್ತಿದೆ.